ಎರಡು ಮದುವೆ ಕ್ಯಾಮೆರಾ, ಒಂದು ರಸ್ತೆ ಪರದೆ: ಕೇಬಲ್ಲಿನಲ್ಲಿ ನಾನು ಲೈವ್ ಶೋ ಮಾಡಿದ್ದು

1996ರ ಗಣೇಶನ ಹಬ್ಬಕ್ಕೆ ಅರಸೀಕೆರೆಯಲ್ಲಿ ನನ್ನ ಕೇಬಲ್ ಟಿವಿಯಲ್ಲೇ ಲೈವ್ ಶೋ ಮಾಡ್ತೀನಿ ಅಂದಾಗ ಅಕ್ಕಪಕ್ಕದ ಊರಿನ ಆಪರೇಟರುಗಳು ನಕ್ಕರು. "ಅದೆಲ್ಲ ದೂರದರ್ಶನದವರ ಕೆಲಸ ಕಣಯ್ಯಾ. ಮದುವೆ ಕ್ಯಾಮೆರಾದಲ್ಲಿ ಆಗಲ್ಲ. ಸುಮ್ನೆ ರೆಕಾರ್ಡ್ ಮಾಡ್ಕೊಂಡು ಮಾರನೇ ದಿನ ಕ್ಯಾಸೆಟ್ ಹಾಕು" ಅಂದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಎರಡನೇ ವರ್ಷ ಅವರಲ್ಲಿ ಇಬ್ಬರು ಬಸ್ ಹತ್ತಿ, ಕ್ಯಾಮೆರಾಗಳ ಚಿತ್ರ ಬದಲಾಯಿಸುವ ನನ್ನ ಮಿಕ್ಸರ್ ನೋಡೋಕೆ ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೈವೇ ಯಾಕೆ? 1994ರಲ್ಲಿ ಉದಯ ಟಿವಿ ಬಂದ ಮೇಲೆ ನಾವು ಹಾಕುವ ಸಿನಿಮಾ ಕ್ಯಾಸೆಟ್ಟಿಗೆ ಬೆಲೆ ಇರಲಿಲ್ಲ. ಆದರೆ ಪಕ್ಕದ ಬೀದಿಯ ಹುಡುಗಿ ಈಗಲೇ ಕುಣಿಯುತ್ತಿದ್ದಾಳೆ ಅಂದರೆ ಅಡುಗೆ ಮನೆಯಲ್ಲಿದ್ದವರೂ ಓಡಿ ಬರುತ್ತಾರೆ. ಅಂಗಡಿಯವರೂ ಅಷ್ಟೆ. ಕ್ಯಾಸೆಟ್ ಜಾಹೀರಾತಿಗೆ 100 ರೂಪಾಯಿ ಕೊಡೋಕೆ ಅಳುವ ಸಾಹುಕಾರ, ಲೈವಿನಲ್ಲಿ ಹೆಸರು ಹೇಳ್ತೀವಿ ಅಂದರೆ 500 ಕೊಡುತ್ತಿದ್ದ. ನನ್ನ ಹತ್ತಿರ ಆಗ ಸುಮಾರು 900 ಕನೆಕ್ಷನ್ ಇತ್ತು.

ಮೊದಲ ವರ್ಷದ ಕಥೆ ಕೇಳಿ. ಎರಡು ಪ್ಯಾನಾಸೋನಿಕ್ ವಿಎಚ್‌ಎಸ್ ಕ್ಯಾಮೆರಾ. ಮಿಕ್ಸರ್ ಇಲ್ಲ, 150 ರೂಪಾಯಿಯ ಸ್ವಿಚ್ ಬಾಕ್ಸ್. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಚಿತ್ರ ಗಿರ್ರಂತ ಉರುಳಿ ಆಮೇಲೆ ನಿಲ್ಲುತ್ತಿತ್ತು. ಎರಡು ಕ್ಯಾಮೆರಾದ ಚಿತ್ರ ಒಂದೇ ಕ್ಷಣಕ್ಕೆ ಶುರುವಾಗದೆ ತಾಳ ತಪ್ಪಿದರೆ ಹೀಗೇ ಆಗೋದು. ಒಬ್ಬ ಅಜ್ಜಿ ಮಾರನೇ ದಿನ ಬಂದು, "ನಿನ್ನ ಲೈವ್ ನೋಡಿ ತಲೆಸುತ್ತು ಬಂತಪ್ಪಾ" ಅಂದರು.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಭರತನಾಟ್ಯ ಮುಗಿದು ಆರ್ಕೆಸ್ಟ್ರಾದವರು ಡ್ರಮ್ಸ್ ಜೋಡಿಸೋಕೆ ಏಳೆಂಟು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ಏನು ತೋರಿಸಬೇಕು ಅಂತ ನಾನು ಯೋಚನೆಯೇ ಮಾಡಿರಲಿಲ್ಲ. ಶೋ ನಡೆಯುತ್ತಿದ್ದ ಕಲ್ಯಾಣ ಮಂಟಪದ ಹುಡುಗ ಪೊರಕೆ ಹಿಡಿದು ಸ್ಟೇಜ್ ಗುಡಿಸಿದ್ದನ್ನು ಇಡೀ ಊರು ನೋಡಿತು. ಆಮೇಲೆ ಅವನು ಎಲ್ಲಿ ಹೋದರೂ "ಏನಪ್ಪಾ ಹೀರೋ" ಅನ್ನುತ್ತಿದ್ದರು. ಆ ವರ್ಷ ಐದು ದಿನದ ಶೋಗೆ ಸುಮಾರು 38 ಸಾವಿರ ಖರ್ಚು. ಬಂದಿದ್ದು 21 ಸಾವಿರ.

ದಾರಿ ತೋರಿಸಿದ್ದು ಟಿವಿಯ ಮನುಷ್ಯನಲ್ಲ. ನಮ್ಮ ಬೀದಿಯಲ್ಲಿ ಕಂಪನಿ ನಾಟಕದಲ್ಲಿ ಹಾಸ್ಯ ಪಾತ್ರ ಮಾಡಿ ಮನೆ ಸೇರಿದ್ದ ಒಬ್ಬರಿದ್ದರು. ನಾವು ಮೇಷ್ಟ್ರು ಅನ್ನುತ್ತಿದ್ದೆವು. ನನ್ನ ಗೋಳು ಕೇಳಿ ಅವರು ಕೇಳಿದ್ದು ಒಂದೇ ಮಾತು: "ನಿನ್ನ ಹತ್ರ ರಸ್ತೆ ಪರದೆ ಇಲ್ವೇನಪ್ಪಾ?"

ಕಂಪನಿ ನಾಟಕ ನೋಡಿದವರಿಗೆ ಗೊತ್ತು. ಹಿಂದೆ ದರ್ಬಾರ್ ಸೀನ್ ಜೋಡಿಸುವಾಗ ಮುಂದೆ ಬೀದಿ ಬರೆದ ಪರದೆ ಬಿಡುತ್ತಾರೆ. ಅದರ ಮುಂದಿನ ನಾಲ್ಕಡಿ ಜಾಗದಲ್ಲಿ ಹಾಸ್ಯದವರು ನಗಿಸುತ್ತಾರೆ. ಹಿಂದಿನಿಂದ ಸಿಳ್ಳೆ ಬಂದರೆ ಸಿಂಹಾಸನ ರೆಡಿ ಅಂತ ಅರ್ಥ. ಸಿಳ್ಳೆ ಬರದಿದ್ದರೆ ಇನ್ನೊಂದು ಜಗಳ, ಇನ್ನೊಂದು ಹಾಡು. ಜನಕ್ಕೆ ಕಾಯುತ್ತಿದ್ದೀವಿ ಅಂತ ಅನ್ನಿಸುವುದೇ ಇಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಹಳೇ ಪುಸ್ತಕದಲ್ಲಿ ಓದಿದೆ. 1948ರಲ್ಲಿ ಅಮೆರಿಕದಲ್ಲಿ ಮಿಲ್ಟನ್ ಬರ್ಲ್, ಎಡ್ ಸಲಿವನ್ ಇವರ ಲೈವ್ ಶೋ ಶುರುವಾದಾಗಲೂ ಇದೇ ಉಪಾಯವಂತೆ. ಬರ್ಲ್ ಅಲ್ಲಿನ ವಾಡೆವಿಲ್, ಅಂದರೆ ಹಾಡು, ಕುಣಿತ, ಹಾಸ್ಯ ಬೆರೆಸಿದ ಸ್ಟೇಜ್ ಶೋಗಳಿಂದ ಬಂದವನು. ಪರದೆ ಮುಂದೆ ಒಬ್ಬ ನಗಿಸುತ್ತಾನೆ, ಇಲ್ಲವೇ ಜಾಹೀರಾತು ಹೇಳುತ್ತಾನೆ. ಹಿಂದೆ ಸಾಮಾನು ಎಳೆಯುತ್ತಾರೆ. ವೀಡಿಯೋ ಟೇಪ್ ಕೆಲಸಕ್ಕೆ ಬಂದಿದ್ದೇ 1956ರಲ್ಲಿ. ಅಲ್ಲಿವರೆಗೆ ಉಳಿಸಿಕೊಳ್ಳಬೇಕು ಅಂದರೆ ಟಿವಿ ಪರದೆಯನ್ನೇ ಫಿಲಂ ಕ್ಯಾಮೆರಾದಲ್ಲಿ ಹಿಡಿಯಬೇಕಿತ್ತು. ಓದುವಾಗ, ನಮ್ಮ ಮೇಷ್ಟ್ರನ್ನು ಆಗ ನ್ಯೂಯಾರ್ಕಿಗೆ ಕಳಿಸಿದ್ದರೆ ಒಂದು ಕೈ ನೋಡುತ್ತಿದ್ದರು ಅನ್ನಿಸಿತು.

1997ಕ್ಕೆ ತಯಾರಿ ಬೇರೆಯೇ ಆಯಿತು. ಹೆಂಡತಿಯ ಸರ ಅಡ ಇಟ್ಟು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಫ್ರೇಮ್ ಸಿಂಕ್, ಅಂದರೆ ಎರಡು ಕ್ಯಾಮೆರಾದ ತಾಳ ಕೂಡಿಸುವ ಏರ್ಪಾಡು ಇರುವ ಸೆಕೆಂಡ್ ಹ್ಯಾಂಡ್ ಮಿಕ್ಸರ್ ತಂದೆ. 42 ಸಾವಿರ ಅಂತ ನೆನಪು. ಮನೆಯಲ್ಲಿ ಎರಡು ವಾರ ಮಾತುಕತೆ ಇರಲಿಲ್ಲ. ಆದರೆ ಉರುಳಾಟ ಅವತ್ತಿಗೇ ನಿಂತಿತು. ಪರದೆ ಬರೆಸೋಕೆ 1,800 ಆಯಿತು. ಮೇಷ್ಟ್ರೇ ಕೂತು ಅದರಲ್ಲಿ ನಮ್ಮೂರ ರೈಲ್ವೆ ಸ್ಟೇಷನ್ ರಸ್ತೆ ಬರೆಸಿದರು.

ಇನ್ನು ಲೈನಿನ ವಿಷಯ. ಮಂಟಪದಿಂದ ನನ್ನ ಕಂಟ್ರೋಲ್ ರೂಮಿಗೆ 400 ಮೀಟರ್ ದೂರ. ಮೊದಲ ವರ್ಷ ನೇರ ವೀಡಿಯೋ ಕಳಿಸಿದೆ, ಬಣ್ಣವೆಲ್ಲ ತೊಳೆದು ಹೋಗಿತ್ತು. ಎರಡನೇ ವರ್ಷ ಮಂಟಪದಲ್ಲೇ ಮಾಡ್ಯುಲೇಟರ್ (ವೀಡಿಯೋವನ್ನು ಟಿವಿ ಚಾನೆಲ್ ಮಾಡಿ ಕಳಿಸುವ ಪೆಟ್ಟಿಗೆ) ಇಟ್ಟು, ಆದಷ್ಟು ಕೆಳಗಿನ ಚಾನೆಲ್ಲಿಗೆ ಹಾಕಿ, ಬೇರೆ ಕೇಬಲ್ಲಿನಲ್ಲಿ ತಂದೆ. ನಡುವೆ ಒಂದೇ ಆಂಪ್ಲಿಫೈಯರ್. ಈ ಕಡೆ ಹಳೇ ವಿಸಿಆರ್‌ನ ಟ್ಯೂನರಿನಲ್ಲಿ ಹಿಡಿದು ಮತ್ತೆ ನನ್ನ ಚಾನೆಲ್ಲಿಗೆ ಏರಿಸಿದೆ. ಟಿವಿಯಲ್ಲಿ ಒಂದು ಕಪ್ಪು ಪಟ್ಟಿ ನಿಧಾನವಾಗಿ ಮೇಲಕ್ಕೆ ಹತ್ತುತ್ತಿತ್ತು. ಎರಡು ಕಡೆಯ ಅರ್ಥಿಂಗ್ ಹೊಂದದ ಕಾಟ. ಅದನ್ನು ಹೇಗೆ ಕಳೆದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದರಿಂದ ಎಷ್ಟೋ ವರ್ಷ ನನಗೆ ಕೆಲಸ ಸಿಕ್ಕಿದೆ. ಕಸುಬಿನವರು ಮನೆಗೆ ಬಂದರೆ ಕಾಫಿ ಕೊಟ್ಟು ಹೇಳ್ತೀನಿ.

ಕ್ಯಾಮೆರಾ ಹುಡುಗರ ಜೊತೆ ಮಾತಾಡೋಕೆ ಗುಜರಿಯಿಂದ ತಂದ ಟೆಲಿಫೋನ್ ರಿಸೀವರುಗಳು, ಜೊತೆಗೆ ಒಂದು ಬ್ಯಾಟರಿ. ಎಲ್ಲ ಸೇರಿ 200 ರೂಪಾಯಿ ಆಗಿರಬಹುದು. ರಿಸೀವರನ್ನು ಟವೆಲ್ಲಿನಿಂದ ತಲೆಗೆ ಕಟ್ಟಿದ್ದೆವು. ಹಲ್ಲುನೋವು ಬಂದವರ ಹಾಗೆ ಕಾಣುತ್ತಿದ್ದರು. ಆದರೆ "ಎರಡು, ಮುಖ ಹಿಡಿ" ಅಂದರೆ ಸ್ಪಷ್ಟವಾಗಿ ಕೇಳುತ್ತಿತ್ತು.

ನಿರೂಪಣೆ ಮಾಡುವ ಹುಡುಗಿಗೆ ಹಳೇ ಕ್ಯಾಲೆಂಡರಿನ ಹಿಂದೆ ದಪ್ಪ ಅಕ್ಷರದಲ್ಲಿ ಬರೆದು ಲೆನ್ಸಿನ ಪಕ್ಕ ಹಿಡಿಯುತ್ತಿದ್ದೆವು. ಒಂದು ದಿನ ಫ್ಯಾನಿನ ಗಾಳಿಗೆ ಹಾಳೆ ತಿರುಗಿತು. "ಈಗ ನಿಮ್ಮ ಮುಂದೆ..." ಅಂದವಳು ಒಂದು ಕ್ಷಣ ತಡೆದು, "ಶ್ರೀ ಲಕ್ಷ್ಮೀವೆಂಕಟೇಶ್ವರ" ಅಂತ ಕ್ಯಾಲೆಂಡರಿನ ದೇವರ ಹೆಸರನ್ನೇ ಓದಿಬಿಟ್ಟಳು. ಬಂದಿದ್ದು ಮಿಮಿಕ್ರಿ ಹುಡುಗ. ಪಾಪ, ಅವನು ಕೈಮುಗಿದುಕೊಂಡೇ ಬಂದ. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೇ.

ಪರದೆ ಮುಂದಿನ ನಾಲ್ಕಡಿಯೇ ನನ್ನ ದುಡ್ಡಿನ ಜಾಗವಾಯಿತು. ಮೇಷ್ಟ್ರು ಗಂಡ, ಇನ್ನೊಬ್ಬರು ಹೆಂಡತಿ. ಸೀರೆಗೆ ಜಗಳ ಶುರುವಾಗಿ ಬಟ್ಟೆ ಅಂಗಡಿಯ ಹೆಸರಿನಲ್ಲಿ ಮುಗಿಯುತ್ತಿತ್ತು. ಮಾತೆಲ್ಲ ರಬ್ಬರಿನ ಹಾಗೆ. ನಾನು ಎರಡು ಕೈ ಎಳೆದು ತೋರಿಸಿದರೆ ಹಿಗ್ಗಿಸುತ್ತಿದ್ದರು. ಬೆರಳು ಸುತ್ತಿಸಿದರೆ ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದರು. ಒಮ್ಮೆ ಪಾತ್ರೆ ಅಂಗಡಿಯ ಕುಕ್ಕರ್ ಸ್ಟೇಜಿನಲ್ಲೇ ಕೂಗಬೇಕಿತ್ತು. ಸ್ಟವ್ ಉರಿಯುತ್ತಿದೆ, ಕುಕ್ಕರ್ ಸುಮ್ಮನಿದೆ. ಅಂಗಡಿಯವರು ಮುಂದಿನ ಸಾಲಿನಲ್ಲೇ ಕೂತು ಬೆವರುತ್ತಿದ್ದರು. ಮೇಷ್ಟ್ರು ಹೆಂಡತಿ ಕಡೆ ತಿರುಗಿ, "ನೋಡೇ, ಎಷ್ಟು ಮರ್ಯಾದಸ್ಥ ಕುಕ್ಕರು. ನಿನ್ನ ಹಾಗೆ ಕೂಗೋದೇ ಇಲ್ಲ!" ಅಂದರು. ಆ ವಾರ ಅಂಗಡಿಯಲ್ಲಿ ಕುಕ್ಕರ್ ಖಾಲಿಯಾಯಿತು ಅಂತ ಅವರೇ ಹೇಳಿದರು.

ಕರೆಂಟ್ ಹೋದದ್ದೂ ಉಂಟು. ಕ್ಯಾಮೆರಾ, ಮಿಕ್ಸರಿಗೆಲ್ಲ ಬ್ಯಾಟರಿ ಇತ್ತು. ಗ್ಯಾಸ್‌ಲೈಟ್ ತರಿಸಿ ಮೇಷ್ಟ್ರ ಪಕ್ಕ ಇಟ್ಟೆವು. ಅವರು ಹತ್ತು ನಿಮಿಷ ರಂಗಗೀತೆ ಹಾಡಿದರು. ನಾನೂ ಬಹಳ ಶ್ರದ್ಧೆಯಿಂದ ಕ್ಯಾಮೆರಾ ಬದಲಾಯಿಸುತ್ತಿದ್ದೆ. ಆಮೇಲೆ ಹೊಳೆಯಿತು. ಊರಿಗೇ ಕರೆಂಟ್ ಇಲ್ಲ, ಟಿವಿ ನೋಡೋರು ಯಾರು?

ಮಧ್ಯೆ ನನ್ನ ತಲೆಹರಟೆಗಳೂ ಇದ್ದವು. ಹೆಸರು ಓಡಿಸೋಕೆ ಮರದ ಉರುಳೆಗೆ ಕಪ್ಪು ಕಾಗದ ಸುತ್ತಿ, ಬಿಳಿ ಬಣ್ಣದಲ್ಲಿ ಬರೆದು, ಕೈಯಲ್ಲಿ ತಿರುಗಿಸಿ, ಮಿಕ್ಸರಿನಲ್ಲಿ ಚಿತ್ರದ ಮೇಲೆ ಕೂರಿಸಿದೆ. ಅದು ಚೆನ್ನಾಗಿ ಬಂತು. ಫೋನಿನಲ್ಲಿ ಹಾಡು ಕೇಳುವವರನ್ನೂ ಲೈವ್ ತಂದೆ. ಅವರು ಟಿವಿ ಸೌಂಡ್ ಕಡಿಮೆ ಮಾಡದೆ ಇದ್ದರೆ ಕೂಂ ಅನ್ನುವ ಶಬ್ದ ಮಂಟಪವನ್ನೇ ತುಂಬುತ್ತಿತ್ತು. ಒಬ್ಬರು ಹಾಡು ಬಿಟ್ಟು ನಲ್ಲಿ ನೀರಿನ ಬಗ್ಗೆ ಅಚ್ಚ ಕನ್ನಡದಲ್ಲಿ ಬೈದರು. ಬೈಗುಳ ತಡೆಯೋಕೆ ಒಂದು ವಿಸಿಆರ್‌ನ ಟೇಪನ್ನು ಎಳೆದು ಪಕ್ಕದ ವಿಸಿಆರ್‌ಗೆ ಪೋಣಿಸಿದೆ. ಇದರಲ್ಲಿ ರೆಕಾರ್ಡ್, ಅದರಲ್ಲಿ ಪ್ಲೇ, ನಡುವೆ ಏಳೆಂಟು ಸೆಕೆಂಡ್ ಸಿಗುತ್ತೆ ಅನ್ನುವ ಆಸೆ. ವಿಸಿಆರ್ ಟೇಪನ್ನು ಜಗಿದು ಉಗುಳಿತು. ಹೆಡ್ ಬದಲಿಸೋಕೆ 1,100 ರೂಪಾಯಿ. ಯಾರೂ ಮಾಡಬೇಡಿ.

ಆ ವರ್ಷ ಮಿಕ್ಸರ್ ಬಿಟ್ಟು ಖರ್ಚು ಸುಮಾರು 30 ಸಾವಿರ. ಬಂದಿದ್ದು 52 ಸಾವಿರದ ಆಸುಪಾಸು. ಮುಂದಿನ ವರ್ಷದ ಹಬ್ಬ ಮುಗಿಯುವಷ್ಟರಲ್ಲಿ ಸರ ಬಿಡಿಸಿದೆ. ಶೋ 2001ರವರೆಗೆ ನಡೆಯಿತು. ಮೇಷ್ಟ್ರು ತೀರಿಕೊಂಡ ಮೇಲೆ ಆ ನಾಲ್ಕಡಿಯಲ್ಲಿ ನಿಲ್ಲುವವರು ಸಿಗಲಿಲ್ಲ. ಒಂದಿಬ್ಬರು ಹುಡುಗರನ್ನು ನಿಲ್ಲಿಸಿ ನೋಡಿದೆ. ಬಾಯಿಪಾಠ ಒಪ್ಪಿಸುತ್ತಿದ್ದರು, ಹಿಗ್ಗಿಸು ಅಂದರೆ ನಿಂತುಬಿಡುತ್ತಿದ್ದರು.

ಮಿಕ್ಸರನ್ನು 6 ಸಾವಿರಕ್ಕೆ ಮಾರಿದೆ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಸ್ಟೇಷನ್ ರಸ್ತೆಯ ಪರದೆ ಮಾತ್ರ ಅಟ್ಟದ ಮೇಲೆ ಗಟ್ಟಿಯಾಗಿದೆ. ಯಾರಿಗಾದರೂ ಬೇಕಿದ್ದರೆ ಬಾಡಿಗೆಗೆ ಕೊಡ್ತೀನಿ, ಅಡ್ವಾನ್ಸ್ ಇಲ್ಲದೆ ಇಲ್ಲ.