ಪೇಜ್‌ಮೇಕರ್‌ನ ನುಡಿ ಪಠ್ಯ ಯುನಿಕೋಡಿಗೆ: ಲಿಬ್ರೆಆಫೀಸ್ ಒಳಗಿನ ಪೈಥಾನ್ ಸಾಕಾಯಿತು

ಹಳೆ ಪೇಜ್‌ಮೇಕರ್ (ಪುಟವಿನ್ಯಾಸದ ತಂತ್ರಾಂಶ) ಕಡತ ‘ನುಡಿ’ ಫಾಂಟಿನಲ್ಲಿ ಕೈಗೆ ಬಂದರೆ ಪುನಃ ಟೈಪ್ ಮಾಡಿಸುವುದೇ ದಾರಿ ಅಂತ ಉಡುಪಿಯ ಡಿಟಿಪಿಯವರೆಲ್ಲ ಹೇಳುತ್ತಿದ್ದರು. ‘ಮ್ಯಾಕ್ರೋದಲ್ಲಿ ಕನ್ನಡ ಸರಿಯಾಗುವುದುಂಟಾ ಮಾರಾಯ್ರೆ’ ಎಂಬ ಮಾತು ಬೇರೆ. ಮ್ಯಾಕ್ರೋ ಎಂದರೆ ತಂತ್ರಾಂಶದ ಒಳಗೇ ಓಡುವ ಪುಟ್ಟ ಪ್ರೋಗ್ರಾಂ; ನನ್ನದು ಉಚಿತ ಕಚೇರಿ ತಂತ್ರಾಂಶ ಲಿಬ್ರೆಆಫೀಸ್ ಒಳಗೆ, ಪೈಥಾನ್ ಭಾಷೆಯಲ್ಲಿ ಬರೆದದ್ದು. ಹಳೆ ‘ನುಡಿ’ ಫಾಂಟು ಅಕ್ಷರದ ತುಂಡುಗಳಿಗೆ ತನ್ನದೇ ಸಂಕೇತ ಇಟ್ಟುಕೊಂಡಿದೆ, ಅದನ್ನು ಈಗ ಎಲ್ಲ ಕಡೆ ನಡೆಯುವ ಯುನಿಕೋಡ್ ಸಂಕೇತಕ್ಕೆ ತಿರುಗಿಸಬೇಕಿತ್ತು. ಕೆಲಸ ಯಕ್ಷಗಾನ ಪ್ರಸಂಗಗಳ ಸಂಪುಟದ್ದು, 400 ಪುಟದ ಆಸುಪಾಸು. ಟೈಪಿಂಗಿಗೆ ಪುಟಕ್ಕೆ 30–35 ರೂಪಾಯಿ, ಪ್ರೂಫ್ ಸೇರಿದರೆ 16 ಸಾವಿರ ದಾಟುತ್ತಿತ್ತು. ಶುರುವಿನಲ್ಲಿ ದಂಡವಾದದ್ದನ್ನು ಬಿಟ್ಟರೆ ಕಡೆಗೆ ಹೋದದ್ದು ಪ್ರೂಫಿನ ನಾಲ್ಕೈದು ಸಾವಿರ ಮಾತ್ರ.

ಮೊದಲು ದುಡ್ಡು ಕೊಟ್ಟು ತಂದ ಒಂದು ಪರಿವರ್ತಕದಿಂದ ಸುಮಾರು ಎರಡು ಸಾವಿರ ದಂಡ. ಪಠ್ಯವನ್ನು ಅಂಟಿಸಿ ತೆಗೆಯುವ ಯಾವ ಸಾಧನದ್ದೂ ಇದೇ ಹಣೆಬರಹ: ರಾಗ-ತಾಳದ ದಪ್ಪಕ್ಷರ ಹೋಗುತ್ತದೆ, ನಡುವಿನ ಇಂಗ್ಲಿಷ್ ಪದಗಳೂ ಕನ್ನಡವೆಂದೇ ತಿರುಗಿ ಕಲಸುಮೇಲೋಗರ. ಯಾವ ತುಂಡು ಯಾವ ಫಾಂಟಿನದ್ದು ಎಂಬುದು ಗೊತ್ತಿರುವುದು ಕಡತವನ್ನು ತೆರೆದ ತಂತ್ರಾಂಶಕ್ಕೆ ಮಾತ್ರ. ಹಾಗಾಗಿ ಕೆಲಸ ಅದರ ಒಳಗೇ ಆಗಬೇಕು.

ಪೇಜ್‌ಮೇಕರ್ 6 ಮತ್ತು 7ರ ಕಡತಗಳು ಲಿಬ್ರೆಆಫೀಸ್ 4.4ರಿಂದ ಈಚೆಗೆ ಅದರ ಚಿತ್ರರಚನೆಯ ಭಾಗವಾದ ಡ್ರಾದಲ್ಲಿ ತೆರೆದುಕೊಳ್ಳುತ್ತವೆ. ಪುಟವಿನ್ಯಾಸವನ್ನು ನಂಬಬೇಡಿ, ಪಠ್ಯ ಮತ್ತು ಫಾಂಟಿನ ಹೆಸರು ಸಿಕ್ಕಿದರೆ ಸಾಕು. ಉಬುಂಟುವಿನಲ್ಲಿ ಪೈಥಾನ್ ಸ್ಕ್ರಿಪ್ಟ್ ಪ್ರೊವೈಡರ್ ಪ್ಯಾಕೇಜನ್ನು ಪ್ರತ್ಯೇಕವಾಗಿ ಹಾಕಬೇಕು. ಮ್ಯಾಕ್ರೋ ಪ್ರತಿ ಪುಟದ ಪಠ್ಯಚೌಕಟ್ಟುಗಳನ್ನು ಹಿಡಿದು (ಗ್ರೂಪ್ ಇದ್ದರೆ ಅದರೊಳಗೂ ಇಳಿದು) ಪ್ಯಾರಾ, ಅದರೊಳಗಿನ ತುಂಡು ಎಂದು ಹೋಗುತ್ತದೆ. ಚೌಕಟ್ಟುಗಳು ಸಿಗುವುದು ಓದುವ ಕ್ರಮದಲ್ಲಲ್ಲ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ನೀವೇ ವಿಂಗಡಿಸಬೇಕು. ಫಾಂಟಿನ ಹೆಸರಲ್ಲಿ ‘ನುಡಿ’ ಇದ್ದರೆ ಮಾತ್ರ ತಿರುಗಿಸಿ ರೈಟರ್ (ಲಿಬ್ರೆಆಫೀಸಿನ ಬರವಣಿಗೆಯ ಭಾಗ) ಕಡತಕ್ಕೆ ಬರೆಯುವುದು.

ಮೊದಲ ಪೆಟ್ಟು ಬಿದ್ದದ್ದು ‘ಝಂಪೆತಾಳ’ಕ್ಕೆ. ನುಡಿಯಲ್ಲಿ ಝ ಒಂದು ಸಂಕೇತವಲ್ಲ, ರ ಆಕಾರದ ಮುಂದೆ ಬಾಲ ಸೇರಿಸಿದ್ದು. ಮ ಕೂಡ ವ-ಕ್ಕೆ ಕೊಂಬು ಇಟ್ಟದ್ದು. ಯಾವ ನುಡಿ ಸಂಕೇತಕ್ಕೆ ಯಾವ ಯುನಿಕೋಡ್ ಅಕ್ಷರ ಎಂಬ ಪಟ್ಟಿಯನ್ನು ಹೆಚ್ಚು ಸಂಕೇತಗಳ ಜೋಡಣೆ ಮೊದಲು ಬರುವಂತೆ ಜೋಡಿಸದಿದ್ದರೆ ಮ ಇದ್ದಲ್ಲೆಲ್ಲ ವು ಆಗುತ್ತದೆ.

ಮುಂದಿನದು ಅರ್ಕಾವೊತ್ತು. ‘ವಾರ್ಧಕ’ದಲ್ಲಿ ಅದು ಧ ಆದ ಮೇಲೆ ಕೂತಿರುತ್ತದೆ, ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಒಂದು ಸಂಕೇತ ಹಿಂದಕ್ಕೆ ಹಾರಿಸಿದರೆ ಸಾಲದು, ‘ಮರ್ತ್ಯ’ದಂಥದ್ದರಲ್ಲಿ ಒತ್ತು, ಸ್ವರ ಎಲ್ಲ ದಾಟಿ ಇಡೀ ಅಕ್ಷರದ ಮುಂದಕ್ಕೆ ಹೋಗಬೇಕು. ಟೈಪ್ ಮಾಡಿದವರು ಒತ್ತನ್ನೂ ಅರ್ಕಾವೊತ್ತನ್ನೂ ಹಿಂದುಮುಂದಾಗಿ ಹಾಕಿದ್ದರೂ ಕಣ್ಣಿಗೆ ಒಂದೇ ತರಹ ಕಾಣುತ್ತಿತ್ತಲ್ಲ! ಅಂಥವನ್ನು ಹಿಡಿಯುವ ನಿಯಮಗಳು ಸದ್ಯ ನನ್ನಲ್ಲೇ ಇರಲಿ, ನಾಲ್ಕು ಕಾಸು ಹುಟ್ಟುವುದು ಅದರಿಂದಲೇ.

ವ್ಯಂಜನದ ಮೇಲೆ ಅರ್ಧಾಕ್ಷರದ ಗುರುತು ಇದ್ದು ಮುಂದೆ ಮತ್ತೊಂದು ವ್ಯಂಜನ ಬಂದರೆ ನಡುವೆ ಯುನಿಕೋಡಿನ 200ಸಿ ಸಂಕೇತ (ಎರಡು ಅಕ್ಷರ ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು) ಹಾಕಿ. ಇಲ್ಲವಾದರೆ ‘ಮೈಕ್‌ಸೆಟ್’ ಹೋಗಿ ‘ಮೈಕ್ಸೆಟ್’.

ಒಂದೇ ಪದದ ನಡುವೆ ಅಕ್ಷರಗಳ ಅಂತರ ಬದಲಾಗಿದ್ದರೆ ಅಕ್ಷರ ಒಂದು ತುಂಡಿನಲ್ಲಿ, ಅದರ ಒತ್ತು ಇನ್ನೊಂದರಲ್ಲಿ. ಒಂದೇ ಫಾಂಟಿನ ಅಕ್ಕಪಕ್ಕದ ತುಂಡುಗಳನ್ನು ಮೊದಲು ಕೂಡಿಸಿ, ಆಮೇಲೆ ತಿರುಗಿಸಿ.

ಇಷ್ಟೆಲ್ಲ ಸರಿಯಾದರೂ ಪರದೆಯಲ್ಲಿ ದಪ್ಪಕ್ಷರ ಕಾಣದು, ಗಾತ್ರ ತಪ್ಪು. ಕನ್ನಡ ಲಿಬ್ರೆಆಫೀಸಿಗೆ ‘ಕಾಂಪ್ಲೆಕ್ಸ್’ ಲಿಪಿ. ಫಾಂಟ್, ಗಾತ್ರ, ದಪ್ಪ, ಭಾಷೆ ನಾಲ್ಕಕ್ಕೂ ‘ಕಾಂಪ್ಲೆಕ್ಸ್’ ಬಾಲ ಇರುವ ಗುಣಗಳನ್ನೇ ತುಂಬಬೇಕು, ಬರೀ ಚಾರ್‌ಫಾಂಟ್‌ನೇಮ್ (ಇಂಗ್ಲಿಷಿನಂಥ ಲಿಪಿಯ ಫಾಂಟ್ ಹೆಸರು) ಬದಲಿಸಿದರೆ ಪ್ರಯೋಜನವಿಲ್ಲ. ಕಡತಕ್ಕೆ ಲಾಕ್‌ಕಂಟ್ರೋಲರ್ಸ್ (ಪ್ರತಿ ಬದಲಾವಣೆಗೂ ಪರದೆ ಹೊಸದಾಗದಂತೆ ತಡೆಯುವ ಆಜ್ಞೆ) ಹಾಕಿ ಓಡಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ನಡುವೆ ಪುಟ ಜೋಡಿಸಲು ಲುವಾಲಾಟೆಕ್ (ಆಜ್ಞೆ ಬರೆದು ಪುಟ ಕಟ್ಟುವ, ಲುವಾ ಭಾಷೆ ಒಳಗೊಂಡ ತಂತ್ರಾಂಶ) ಕೂಡ ನೋಡಿದೆ. ಹಾರ್ಫ್‌ಬಜ್ (ಅಕ್ಷರಗಳನ್ನು ಜೋಡಿಸಿ ರೂಪ ಕೊಡುವ ಭಾಗ) ಆರಿಸಿದರೆ ಒತ್ತಕ್ಷರ ಚೊಕ್ಕ, ಷಟ್ಪದಿಯ ಸಾಲುಗಳನ್ನು ಲುವಾದಿಂದಲೇ ಒಳಕ್ಕೆ ಸರಿಸಬಹುದು. ಆದರೆ ಪ್ರೆಸ್ಸಿನವರಿಗೆ ಕೊನೆ ಗಳಿಗೆಯ ತಿದ್ದುಪಡಿ ಬೇಕು, ಅವರಿಗೆ ಅದು ಒಗ್ಗದು. ಉಚಿತ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್ 1.6ರ ಪೈಥಾನ್ ಮಾತ್ರ ಉಪಯೋಗಕ್ಕೆ ಬಂತು: ಟೆಕ್ಸ್ಟ್‌ಓವರ್‌ಫ್ಲೋಸ್ (ಪಠ್ಯ ಚೌಕಟ್ಟು ಮೀರಿತೇ ಎಂದು ಹೇಳುವ ಆಜ್ಞೆ) ಕೇಳಿ, ಪಠ್ಯ ಉಳಿದರೆ ಹೊಸ ಪುಟ ಸೇರಿಸಿ ಚೌಕಟ್ಟು ಜೋಡಿಸುವುದು.

ಯುನಿಕೋಡ್ ಫಾಂಟಾದ ನೋಟೋ ಸೆರಿಫ್ ಕನ್ನಡಕ್ಕೆ ಸಾಲಿನ ಅಂತರವನ್ನು ಸ್ವಯಂಚಾಲಿತವಾಗಿ ಬಿಟ್ಟರೆ ಪುಟ ಏರುತ್ತದೆ, 16 ಪುಟದ ಒಂದೊಂದು ಫಾರಂ ಹೆಚ್ಚಾದರೂ ಕಾಗದದ ಖರ್ಚು. 12 ಪಾಯಿಂಟ್ ಅಕ್ಷರಕ್ಕೆ ಅಂತರವನ್ನು 18 ಪಾಯಿಂಟಿಗೆ ಸ್ಥಿರವಾಗಿ ಇಟ್ಟಾಗ ‘ರಾಷ್ಟ್ರ’, ‘ಸ್ತ್ರೀ’ಯ ಒತ್ತು ಕೆಳಸಾಲಿಗೆ ತಾಗುತ್ತಿತ್ತು, 19 ಮಾಡಿದ ಮೇಲೆ ಹಳೆ ಪುಟಸಂಖ್ಯೆಗೆ ಹೆಚ್ಚುಕಮ್ಮಿ ಸರಿಹೊಂದಿತು.