ಬೋಳು ಧರೆಗೆ ಹೈಡ್ರೋಸೀಡಿಂಗ್ ಮಾಡೋದು ಹೆಂಗೆ

ಜೆಸಿಬಿ ಹಾಕ್ಸಿ ಗುಡ್ಡ ಕಡಿಸಿ ಧರೆನ, ಅಂದ್ರೆ ಕಡಿದಾಗ ಉಳಿಯೋ ಮಣ್ಣಿನ ಗೋಡೆನ, ಹಂಗೇ ಬೋಳು ಬಿಟ್ರೆ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಮಳೆಗೆ ಮಣ್ಣೆಲ್ಲ ಕೆಳಗಿನ ತೋಟಕ್ಕೆ ಬರುತ್ತೆ. ಇದಕ್ಕೆ ಹೈಡ್ರೋಸೀಡಿಂಗ್ ಒಳ್ಳೇ ದಾರಿ, ಅಂದ್ರೆ ಬೀಜ, ಗೊಬ್ಬರ, ಮರದ ನಾರು ಅಥವಾ ಪೇಪರ್ ಪಲ್ಪ್, ಜೊತೆಗೆ ಗ್ವಾರ್ ಗಮ್ (ಗೋರಿಕಾಯಿ ಬೀಜದ ಪುಡಿ) ಥರದ ಅಂಟು ಎಲ್ಲ ನೀರಲ್ಲಿ ಕಲಸಿ ಪಂಪಲ್ಲಿ ಹೊಡೆಯೋದು.

ಟೈಮಿಂಗ್ ತುಂಬಾ ಮುಖ್ಯ. ಜೂನ್-ಜುಲೈ ಜಡಿಮಳೆಲಿ ದಯವಿಟ್ಟು ಬೇಡ, ಅಂಟು ಒಣಗೋಕೆ ಒಂದು ದಿನನಾದ್ರೂ ಬೇಕು, ಇಲ್ಲಾಂದ್ರೆ ಬೀಜ ಹಳ್ಳಕ್ಕೆ. ಮೇ ತಿಂಗಳಲ್ಲಿ ಮಾಡಿ ದಿನಾ ಸಣ್ಣಗೆ ನೀರು ಕೊಟ್ರೆ ಮುಂಗಾರು ಜೋರಾಗೋ ಹೊತ್ತಿಗೆ ಬೇರು ಹಿಡ್ದಿರುತ್ತೆ.

ಮೊದ್ಲು ಧರೆ ಮೇಲ್ಗಡೆ ಕಾಲುವೆ ತೆಗ್ದು ನೀರನ್ನ ಪಕ್ಕಕ್ಕೆ ತಿರುಗ್ಸಿ, ಇದಿಲ್ದೆ ಉಳಿದಿದ್ದೆಲ್ಲ ದಂಡ. ನುಣ್ಣಗಿರೋ ಜಂಬಿಟ್ಟಿಗೆ ಮಣ್ಣಿಗೆ ಬೀಜ ಕೂರಲ್ಲ, ಗುದ್ದಲಿಲಿ ಅಡ್ಡಡ್ಡ ಗೀರಿ ಒರಟು ಮಾಡಿ.

ಬೀಜಕ್ಕೆ ಗರಿಕೆ, ಸ್ಟೈಲೋ ಅನ್ನೋ ಮೇವಿನ ಗಿಡ, ಬೇಗ ಮುಚ್ಚೋಕೆ ಹುರುಳಿ. ಕಲಸಿದ್ದನ್ನ ಒಂದು ಗಂಟೆಯೊಳಗೆ ಹೊಡೆದುಬಿಡಿ, ತಿರುಗಿಸ್ತಾನೇ ಇರ್ಬೇಕು, ತಳದಲ್ಲಿ ಕೂತುಬಿಡುತ್ತೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯೋ ಸಣ್ಣ ನಾಝಲ್ ಆಗಲ್ಲ, ನಾರು ಕಟ್ಕೊಳ್ಳುತ್ತೆ, ದಪ್ಪ ಪೈಪಿರೋ ಸ್ಲರಿ ಪಂಪ್ ಬಾಡಿಗೆಗೆ ತನ್ನಿ.

ತೀರಾ ಕಡಿದಾಗಿದ್ರೆ ತೆಂಗಿನ ನಾರಿನ ಬಲೆ ಹಾಸಿ, ಸಾಲಾಗಿ ಲಾವಂಚ ನೆಡಿ. ಆದ್ರೆ ಧರೇಲಿ ಬಿರುಕು ಬಿಟ್ಟಿದ್ರೆ, ಬುಡದಲ್ಲಿ ಒರತೆ ಇದ್ರೆ, ಹುಲ್ಲಿನ ಬೇರು ಅಷ್ಟು ಆಳದ ಕುಸಿತ ತಡೆಯಲ್ಲ, ಮೊದ್ಲು ಇಂಜಿನಿಯರ್‌ಗೆ ತೋರ್ಸಿ.