ರೊಟ್ಟಿ ಇಳಿಸಿ, ಪಲ್ಯ ಏರಿಸಿ: ಕಾರ್ಬ್ ಕಡಿಮೆ ಮಾಡುವುದು ಹೇಗೆ?

ರಾಯಚೂರು, ಸಿಂಧನೂರು ಕಡೆ ಯಾರಿಗಾದರೂ ಶುಗರ್ ಬಂತು ಅಂದರೆ ಸಿಗುವ ಮೊದಲ ಸಲಹೆ ಒಂದೇ: ಅನ್ನ ಬಿಡಿ, ಜೋಳದ ರೊಟ್ಟಿ ತಿನ್ನಿ. ಅನ್ನ ಬಿಡುತ್ತಾರೆ. ಎರಡು ರೊಟ್ಟಿಯ ಜಾಗದಲ್ಲಿ ನಾಲ್ಕು ತಿನ್ನುತ್ತಾರೆ. ಆಮೇಲೆ ಶುಗರ್ ಯಾಕೆ ಇಳಿದಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಲೆಕ್ಕ ನೋಡಿ. 100 ಗ್ರಾಂ ಸೋನಾ ಮಸೂರಿ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ (ಕಾರ್ಬ್, ಅಂದರೆ ಪಿಷ್ಟ, ಸಕ್ಕರೆ) ಸುಮಾರು 78 ಗ್ರಾಂ. ಅಷ್ಟೇ ಜೋಳದಲ್ಲಿ ಸುಮಾರು 70 ಗ್ರಾಂ. ಜೋಳದಲ್ಲಿ ನಾರು ಜಾಸ್ತಿ, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅದು ನಿಜ. ಆದರೆ ಅದು ಕಾರ್ಬ್ ಕಡಿಮೆ ಇರುವ ಧಾನ್ಯ ಅಲ್ಲ. ಸಜ್ಜೆ, ನವಣೆಯೂ ಅಲ್ಲ. ಐಸಿಎಂಆರ್‌-ಇಂಡಿಯಾಬ್ ಎಂಬ ದೇಶವ್ಯಾಪಿ ಶುಗರ್ ಸಮೀಕ್ಷೆಯ 2025ರ ವರದಿಯೂ ಇದನ್ನೇ ಹೇಳಿತು. ನಮ್ಮ ದೇಶದವರ ಊಟದ ಶಕ್ತಿಯಲ್ಲಿ ಸುಮಾರು ಶೇ 62 ಕಾರ್ಬ್‌ನಿಂದಲೇ ಬರುತ್ತದೆ. ಅಕ್ಕಿ ಬಿಟ್ಟು ಗೋಧಿ, ಸಿರಿಧಾನ್ಯ ಹಿಡಿದರೆ ಸಾಲದು, ಒಟ್ಟು ಪ್ರಮಾಣವೇ ಇಳಿಯಬೇಕು.

ಕಾರ್ಬ್ ಇಳಿಸುವುದು, ಉಪವಾಸ: ಯಾರು ತಾವಾಗಿ ಶುರು ಮಾಡಬಾರದು?

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕಾಣಬೇಕು. ಊಟ ಇಳಿಸಿ ಗುಳಿಗೆ ಹಾಗೇ ನುಂಗಿದರೆ ಶುಗರ್ ದಿಢೀರ್ ಅಂತ 70ಕ್ಕಿಂತ ಕೆಳಗೆ ಹೋಗಬಹುದು. ಡಾಪಾಗ್ಲಿಫ್ಲೋಜಿನ್ ತರಹದ ಗುಳಿಗೆ ಇದ್ದರೆ ಅಪಾಯ ಬೇರೆ: ಕಾರ್ಬ್ ತೀರಾ ಇಳಿದಾಗ ರಕ್ತದಲ್ಲಿ ಆಮ್ಲ ಏರಬಹುದು. ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ಟೈಪ್ 1 ಶುಗರ್ ಇರುವವರು, ಕಿಡ್ನಿ ತೊಂದರೆ ಇರುವವರು ಉಪವಾಸದ ಗೊಡವೆಗೆ ಹೋಗಬಾರದು. ಬೆಳಿಗ್ಗೆಯಿಂದ ಹೊಲದಲ್ಲಿ ಹತ್ತಿ ಬಿಡಿಸುವ ಬಡಕಲು ಮೈಯವರಿಗೂ ಈ ಲೇಖನ ಅಲ್ಲ. ಇದು ಅಂಗಡಿ, ಆಫೀಸು, ಬೈಕಿನ ಮೇಲೆ ದಿನ ಕಳೆಯುವ ನಮ್ಮಂಥವರಿಗೆ.

ಮೊದಲು ತಕ್ಕಡಿ

ಒಂದು ದಿನ ಒಣ ಹಿಟ್ಟನ್ನು ತೂಗಿ ರೊಟ್ಟಿ ಬಡಿಯಿರಿ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಕಾರ್ಬ್. ಮೂರು ರೊಟ್ಟಿಗೆ 105. ಮೇಲೊಂದು ಬಟ್ಟಲು ಅನ್ನ ಬಿದ್ದರೆ ಇನ್ನೂ 40. ಒಂದೇ ಊಟಕ್ಕೆ 145! ಇಡೀ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಸಾಮಾನ್ಯವಾಗಿ ಲೋ ಕಾರ್ಬ್ ಅನ್ನುತ್ತಾರೆ.

ಒಮ್ಮೆಲೇ ಅಲ್ಲಿಗೆ ಇಳಿಯುವುದು ಬೇಡ. ಮೊದಲ ಎರಡು ವಾರ ರೊಟ್ಟಿ ಇದ್ದ ಊಟದಲ್ಲಿ ಅನ್ನ ಬೇಡ, ಅನ್ನ ಇದ್ದ ಊಟದಲ್ಲಿ ರೊಟ್ಟಿ ಬೇಡ. ಆಮೇಲೆ ಒಂದು ರೊಟ್ಟಿ ಕಡಿಮೆ. ಹಿಟ್ಟನ್ನು 40 ಗ್ರಾಂಗೆ ಇಳಿಸಿ ತೆಳ್ಳಗೆ ಬಡಿದರೆ ತಾಟಿನಲ್ಲಿ ರೊಟ್ಟಿ ಅಷ್ಟೇ ಅಗಲ ಕಾಣುತ್ತದೆ. ಕಣ್ಣಿಗೂ ಸಮಾಧಾನ ಬೇಕು, ಅಲ್ವಾ?

ಖಾಲಿ ಜಾಗಕ್ಕೆ ಏನು?

ಎಲ್ಲರೂ ಎಡವುವುದು ಇಲ್ಲಿ. ರೊಟ್ಟಿ ಕಡಿಮೆ ಮಾಡಿ ಸುಮ್ನೆ ಕೂತರೆ ಸಂಜೆ ನಾಲ್ಕಕ್ಕೆ ಮಿರ್ಚಿ ಬಂಡಿ ಕರೆಯುತ್ತದೆ. ಪಲ್ಯ ನಂಜಿಕೊಳ್ಳುವ ವಸ್ತು ಆಗಬಾರದು. ಊಟವೇ ಪಲ್ಯ ಆಗಬೇಕು, ರೊಟ್ಟಿ ಅದಕ್ಕೆ ಜೊತೆ.

ಪುಂಡಿಪಲ್ಯವನ್ನೇ ತಗೊಳ್ಳಿ. ಹಲವು ಮನೆಗಳಲ್ಲಿ ಅದಕ್ಕೆ ಜೋಳದ ನುಚ್ಚು ಹಾಕುತ್ತಾರೆ. ನುಚ್ಚಿನ ಬದಲು ಒಂದು ಹಿಡಿ ತೊಗರಿಬೇಳೆ ಹಾಕಿ, ಸೊಪ್ಪನ್ನು ಎರಡು ಪಟ್ಟು ಮಾಡಿ. ಪುಂಡಿ ಹುಳಿ ಜಾಸ್ತಿ ಅನಿಸಿದರೆ ಸೊಪ್ಪನ್ನು ಬೇಯಿಸಿ ನೀರು ಬಸಿಯಿರಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಡಿ. ಪಕ್ಕಕ್ಕೆ ಮಡಿಕಿ ಕಾಳು ಅಥವಾ ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ತಿನ್ನುವವರಿಗೆ ಎರಡು ಮೊಟ್ಟೆ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿ ಪುಡಿ) ಎರಡು ಚಮಚ ಸಾಕು. ಕಾರ್ಬ್ ಕಡಿಮೆ ಇದ್ದರೂ ಕ್ಯಾಲೊರಿ ಜೋರಾಗಿದೆ. ಮೊದಲು ಪಲ್ಯ, ಕಾಳು ತಿಂದು ಕೊನೆಗೆ ರೊಟ್ಟಿ ಮುರಿಯಿರಿ. ಈ ಕ್ರಮದಲ್ಲಿ ತಿಂದರೆ ಊಟದ ನಂತರ ಶುಗರ್ ಏರುವುದು ಕಡಿಮೆ ಎಂದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ.

ಕಾರ್ಬ್ ಬಿಟ್ಟ ಜಾಗಕ್ಕೆ ದಿನವೂ ಮಟನ್, ತುಪ್ಪ ತುಂಬುವವರೂ ಇದ್ದಾರೆ. 2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಹಾಗೆ ಮಾಂಸ, ಪ್ರಾಣಿಕೊಬ್ಬು ಹೆಚ್ಚಿಸಿದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಕಾಯಿಪಲ್ಯ, ಬೀಜಗಳಂಥ ಸಸ್ಯಾಹಾರ ಹೆಚ್ಚಿಸಿದವರಲ್ಲಿ ಕಡಿಮೆ ಇತ್ತು. ಕಾಳು, ಶೇಂಗಾ, ಸೊಪ್ಪು ನಮ್ಮ ಸಂತೆಯಲ್ಲೇ ರಾಶಿ ಬಿದ್ದಿರುವಾಗ ಕಾರ್ಬ್ ತೀರಾ ಇಳಿಸುವ ಕೀಟೊ ಪಥ್ಯದ ದುಬಾರಿ ಪುಡಿ ಯಾಕೆ ಬೇಕೋ ನನಗಂತೂ ತಿಳಿಯದು.

ಬೆಳಗಿನ ಒಗ್ಗರಣೆ-ಮಿರ್ಚಿ? ಒಗ್ಗರಣೆಯ ಮಂಡಕ್ಕಿ ಅಂದರೆ ಅಕ್ಕಿಯೇ. ಹಗುರ ಅಂತ ತಾಟು ತುಂಬ ತಿನ್ನುತ್ತೇವೆ. ವಾರಕ್ಕೆ ಒಂದು ದಿನ ಇರಲಿ. ಉಳಿದ ದಿನ ಹೆಸರುಬೇಳೆ ದೋಸೆ, ಕಾಳಿನ ಉಸಳಿ, ಮೊಟ್ಟೆ.

ಉಪವಾಸ: ರಾತ್ರಿಯಿಂದ ಶುರು

ರಾತ್ರಿ ಊಟ 7.30ಕ್ಕೆ ಮುಗಿಸಿ, ಬೆಳಿಗ್ಗೆ 7.30ರವರೆಗೆ ನೀರು ಬಿಟ್ಟು ಏನೂ ಬೇಡ. 12 ತಾಸು ಆಯಿತು. ಹತ್ತು ಗಂಟೆಗೆ ಊಟ ಮಾಡಿ ಮಲಗುವ ಮನೆಗಳಲ್ಲಿ ಇದೇ ದೊಡ್ಡ ಬದಲಾವಣೆ. ಒಗ್ಗಿದ ಮೇಲೆ 14 ತಾಸು. 16ಕ್ಕೆ ಹೋಗಲೇಬೇಕು ಅಂತಿಲ್ಲ. ಚೀನಾದಲ್ಲಿ ಬೊಜ್ಜಿರುವ 139 ಜನರ ಮೇಲೆ ಒಂದು ವರ್ಷ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಕ್ಯಾಲೊರಿ ಇಳಿಸಿ, ದಿನದ ಊಟವೆಲ್ಲ ಎಂಟು ತಾಸಿನೊಳಗೆ ಮುಗಿಸಿ 16 ತಾಸು ಉಪವಾಸ ಇದ್ದವರಿಗೂ ಬರೀ ಕ್ಯಾಲೊರಿ ಇಳಿಸಿದವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಗಡಿಯಾರ ಮಾಯ ಮಾಡುವುದಿಲ್ಲ. ಆದರೆ ರಾತ್ರಿಯ ಚೂಡಾ, ಬಿಸ್ಕತ್ತು ತಪ್ಪಿಸುತ್ತದೆ.

ಶಿವರಾತ್ರಿ, ಏಕಾದಶಿಯ ತಾಟು ಬೇರೆ ಕಥೆ. ಸಾಬೂದಾಣಿ ಬಹುತೇಕ ಬರೀ ಪಿಷ್ಟ. ಅದರ ಮೇಲೆ ಅವಲಕ್ಕಿ, ಬಾಳೆಹಣ್ಣು, ಬೆಲ್ಲದ ಉಂಡಿ ಬಿದ್ದರೆ ಉಪವಾಸದ ದಿನದ ಕಾರ್ಬ್ ಮಾಮೂಲಿ ದಿನವನ್ನೂ ಮೀರಬಹುದು. ಮೊಸರು, ಹುರಿದ ಶೇಂಗಾ, ಒಂದು ಸೀಬೆಹಣ್ಣು ಸಾಲುತ್ತದೆ. ಏಪ್ರಿಲ್, ಮೇ ಬಿಸಿಲು 40 ದಾಟುವ ಊರುಗಳಲ್ಲಿ ಆರೋಗ್ಯದ ಹೆಸರಲ್ಲಿ ನೀರು ಬಿಡುವುದು ಹುಚ್ಚುತನ. ಮೈ ಬೆವರಿ ಕೈ ನಡುಗಿದರೆ ಉಪವಾಸ ಅಲ್ಲಿಗೆ ಮುಗಿಯಿತು: ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, 15 ನಿಮಿಷದ ನಂತರ ಶುಗರ್ ನೋಡಿ.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ದಾಸೋಹದಲ್ಲಿ ಕೂತು ರೊಟ್ಟಿ ಎಣಿಸಬೇಡಿ. ಅವತ್ತು ಉಣ್ಣಿ, ಮಾರನೇ ದಿನ ಮೊದಲಿನ ಲೆಕ್ಕಕ್ಕೆ ಬನ್ನಿ.

ಮೂರು ತಿಂಗಳಿಗೆ ಪರೀಕ್ಷೆ

ಶುರುವಿಗೆ ಮುಂಚೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ಎಚ್‌ಬಿಎ1ಸಿ ಮಾಡಿಸಿ. ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ಅದರಲ್ಲಿ ಕಾಣುತ್ತದೆ. ಕೊಲೆಸ್ಟ್ರಾಲ್ ಪರೀಕ್ಷೆಯೂ ಇರಲಿ, ಯಾಕೆಂದರೆ ಕಾರ್ಬ್ ಇಳಿಸಿದ ಕೆಲವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಏರುತ್ತದೆ. ಏರಿದ್ದರೆ ತುಪ್ಪ, ಕೆನೆ ಇಳಿಸಿ, ಕಾಳು ಹೆಚ್ಚಿಸಿ. ಶುಗರ್ ಇಳಿದಿದ್ದರೆ ರಿಪೋರ್ಟ್ ಹಿಡಿದು ವೈದ್ಯರ ಹತ್ತಿರ ಹೋಗಿ. ಗುಳಿಗೆ ಕಡಿಮೆ ಮಾಡುವುದು ಅವರ ಕೆಲಸ.